ಎಸ್‌ಇಜೆಡ್ ನೋಟಿಸ್ ಮನೆಗೆ ಬಂದಾಗ: ಮಂಗಳೂರಿನ ನಿರ್ವಸಿತರನ್ನು ಕಂಡವಳ ಉತ್ತರ

ಪ್ರಶ್ನೆ: ನಮ್ಮದು ಹಳೇ ಮೈಸೂರು ಕಡೆಯ ಒಂದು ಹಳ್ಳಿ. ನಾಲ್ಕು ಎಕರೆ ಹತ್ತು ಗುಂಟೆ ಪಿತ್ರಾರ್ಜಿತ ಜಮೀನಿದೆ. ಒಂದೂವರೆ ಎಕರೆ ತೆಂಗು, ಉಳಿದದ್ದು ರಾಗಿ, ಅವರೆ. ಖಾತೆ ಇನ್ನೂ ತಾತನ ಹೆಸರಿನಲ್ಲೇ ಇದೆ. ಪಕ್ಕದ ಒಂದು ಎಕರೆ ಗೋಮಾಳವನ್ನೂ ತಾತನ ಕಾಲದಿಂದ ಉಳುತ್ತಿದ್ದೇವೆ. ಈಗ ಕೆಐಎಡಿಬಿಯಿಂದ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ನೋಟಿಸ್ ಬಂದಿದೆ. ಎಸ್‌ಇಜೆಡ್ (ವಿಶೇಷ ಆರ್ಥಿಕ ವಲಯ) ಆಗುತ್ತದೆ, ಮನೆಗೊಂದು ಕೆಲಸ ಕೊಡುತ್ತಾರೆ ಎಂಬ ಮಾತಿದೆ. ತಂದೆ ನೋಟಿಸನ್ನು ಮುಟ್ಟಲೂ ಒಪ್ಪುತ್ತಿಲ್ಲ. ತಮ್ಮ ಆಗಲೇ ಕಾರಿನ ಶೋರೂಮಿಗೆ ಹೋಗಿ ಬಂದಿದ್ದಾನೆ. ತಾಯಿ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾರೆ; ಅವರು ಏನೂ ಹೇಳುತ್ತಿಲ್ಲ. ನಾನು ಮದುವೆಯಾಗಿ ಮೈಸೂರಿನಲ್ಲಿದ್ದೇನೆ. ಮಂಗಳೂರಿನಲ್ಲಿ ಇಂಥದೇ ಯೋಜನೆಗೆ ಜಮೀನು ಬಿಟ್ಟವರು ಹೇಗೆ ಹೊಂದಿಕೊಂಡರು? ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತಂದೆಯವರ ಸಿಟ್ಟೂ ತಿಳಿಯಿತು, ತಮ್ಮನ ಆತುರವೂ ತಿಳಿಯಿತು. ಆದರೆ ನನ್ನ ಕಣ್ಣು ನಿಂತದ್ದು ತಾಯಿಯವರು ಏನೂ ಹೇಳುತ್ತಿಲ್ಲ ಎಂಬ ಸಾಲಿನ ಮೇಲೆ. ದಕ್ಷಿಣ ಕನ್ನಡದ ಪುನರ್ವಸತಿ ಕಾಲೊನಿಗಳಲ್ಲಿ ಮನೆಮನೆ ಸಮೀಕ್ಷೆ ಮಾಡುತ್ತ ಹದಿನೆಂಟು ವರ್ಷ ಕಳೆದವಳು ನಾನು. ಅಲ್ಲಿ ಕಂಡದ್ದರಿಂದ ಹೇಳುವುದಾದರೆ, ಈ ಯೋಜನೆ ಬಂದರೆ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರು ನಿಮ್ಮ ತಾಯಿ. ಎಲ್ಲರಿಗಿಂತ ಕಡಿಮೆ ಪರಿಹಾರ ಸಿಗುವುದೂ ಅವರಿಗೇ. ಅದು ಹೇಗೆಂದು ಮುಂದೆ ಬರೆಯುತ್ತೇನೆ.

ಜನ ಹೇಗೆ ಹೊಂದಿಕೊಂಡರು ಎಂದು ಕೇಳಿದ್ದೀರಿ. 'ಹೊಂದಿಕೊಂಡು ಹೋಗಮ್ಮ' ಎಂಬ ಬುದ್ಧಿಮಾತನ್ನು ನಮ್ಮಲ್ಲಿ ಹೊಸ ಸೊಸೆಗೆ ಹೇಳುತ್ತಾರೆ. ಅತ್ತೆಗೆ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಯೋಜನೆಗಳ ವಿಷಯದಲ್ಲೂ ಹೊಂದಿಕೊಳ್ಳುವ ಸರದಿ ಯಾವಾಗಲೂ ಊರಿನದೇ. ಹಾಗಾಗಿ ಆ ಪದವನ್ನು ನಾನು ತುಸು ಅನುಮಾನದಿಂದಲೇ ಬಳಸುತ್ತೇನೆ.

ಮಂಗಳೂರಿನ ಉತ್ತರಕ್ಕೆ, ಪಣಂಬೂರಿನ ಕಡಲ ದಂಡೆಯಿಂದ ಒಳಗೆ ಬಜಪೆಯವರೆಗಿನ ಊರುಗಳಿಗೆ ಮನೆ ಬಿಟ್ಟು ಏಳುವುದು ಹೊಸತಲ್ಲ. 1960ರ ದಶಕದಲ್ಲಿ ನವಮಂಗಳೂರು ಬಂದರಿನ ಕೆಲಸ ಶುರುವಾದಾಗ ಪಣಂಬೂರು, ಬೈಕಂಪಾಡಿ ಸುತ್ತಿನ ಕುಟುಂಬಗಳನ್ನು ಕಾಟಿಪಳ್ಳ, ಕೃಷ್ಣಾಪುರಗಳಿಗೆ ಸಾಗಿಸಿದರು. ಅಲ್ಲಿ ಇಂದಿಗೂ ವಿಳಾಸ ಕೇಳಿದರೆ ಬ್ಲಾಕ್ ಸಂಖ್ಯೆ ಹೇಳುತ್ತಾರೆ. ಮನೆತನದ ಹೆಸರು, ಬೈಲಿನ ಹೆಸರು ಹೇಳಿಕೊಂಡು ಬದುಕಿದವರ ಮೊಮ್ಮಕ್ಕಳು ಈಗ 'ಏಳನೇ ಬ್ಲಾಕಿನವರು'. ಎರಡನೇ ಸರದಿ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರದ್ದು. 1988ರಲ್ಲಿ ಕಂಪನಿ ಹುಟ್ಟಿತು, 1996ರಲ್ಲಿ ಉತ್ಪಾದನೆ ಆರಂಭವಾಯಿತು. ಎದ್ದವರಲ್ಲಿ ಬಹಳ ಮಂದಿ ಚೇಳಾಯರಿನ ಕಾಲೊನಿ ಸೇರಿದರು. ಮೂರನೆಯದು ನೀವು ಕೇಳಿದ ಮಂಗಳೂರು ವಿಶೇಷ ಆರ್ಥಿಕ ವಲಯ. ಒಎನ್‌ಜಿಸಿ, ಕೆಐಎಡಿಬಿ, ಐಎಲ್ ಆ್ಯಂಡ್ ಎಫ್‌ಎಸ್ ಮತ್ತು ಕೆನರಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆ ಸೇರಿ 2006ರಲ್ಲಿ ಅದರ ಕಂಪನಿ ಕಟ್ಟಿದರು. 2007ರಲ್ಲಿ ವಲಯದ ಅಧಿಸೂಚನೆ ಹೊರಬಿತ್ತು. ಮೊದಲ ಹಂತದಲ್ಲಿ ಕಳವಾರು, ಬಜಪೆ, ಪೆರ್ಮುದೆ ಕಡೆಯ ಸುಮಾರು 1,800 ಎಕರೆ ಹೋಯಿತು.

ಎರಡನೇ ಹಂತಕ್ಕೆ ಇನ್ನೂ ಎರಡು ಸಾವಿರ ಎಕರೆ ಮೀರಿದ ಭೂಮಿಯನ್ನು ಗುರುತಿಸಿದ್ದರು. ಅದಕ್ಕೆ ಕುತ್ತೆತ್ತೂರು, ಪೆರ್ಮುದೆ, ಎಕ್ಕಾರು ಕಡೆಯವರು ಒಪ್ಪಲಿಲ್ಲ. ಕೃಷಿಭೂಮಿ ಸಂರಕ್ಷಣಾ ಸಮಿತಿ ಹುಟ್ಟಿತು, ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿ ಬೆಂಬಲಕ್ಕೆ ನಿಂತರು, ಕೊನೆಗೆ 2011ರಲ್ಲಿ ಸರ್ಕಾರ ಆ ಭೂಮಿಯನ್ನು ಕೈಬಿಟ್ಟಿತು. ಆದರೆ ಕೆಲವೇ ವರ್ಷಗಳಲ್ಲಿ ಸಂಸ್ಕರಣಾಗಾರದ ವಿಸ್ತರಣೆಯ ಹೆಸರಿನಲ್ಲಿ ಅದೇ ಊರುಗಳ ಕಡೆಗೆ ಮತ್ತೆ ಕಣ್ಣು ಹೊರಳಿತು. ಈ ಸಲ ಊರೊಳಗೇ ಎರಡು ಪಂಗಡ. ಹತ್ತು ವರ್ಷದ ಅನಿಶ್ಚಿತತೆಯಲ್ಲಿ ಹೊಸ ಮನೆ ಕಟ್ಟದೆ, ಹೊಸ ಅಡಿಕೆ ಸಸಿ ನೆಡದೆ ಕಾದು ಸುಸ್ತಾದವರು 'ತೆಗೆದುಕೊಳ್ಳುವುದಾದರೆ ಬೇಗ ತೆಗೆದುಕೊಳ್ಳಿ' ಎನ್ನತೊಡಗಿದ್ದರು. ಅವರನ್ನು ಹಣದಾಸೆಯವರು ಎಂದು ಹಳಿದವರನ್ನೂ ಕೇಳಿದ್ದೇನೆ. ನನಗೆ ಹಾಗೆ ಅನ್ನಿಸುವುದಿಲ್ಲ. ತಲೆಯ ಮೇಲೆ ನೋಟಿಸು ತೂಗುತ್ತಿರುವ ಜಮೀನಿನಲ್ಲಿ ತೆಂಗಿನ ಸಸಿ ನೆಡಲು ಕೈ ಹೇಗೆ ಬರುತ್ತದೆ?

ಇನ್ನು ತಾಯಿಯವರ ವಿಷಯ.

ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲ. ಒಂದು ಕಾಲೊನಿಯ ಮನೆ, ಹತ್ತು ಸೆಂಟ್ಸ್ ಜಾಗ, ಎದುರಿಗೆ ಮಾರ್ಬಲ್ ಹಾಸಿದ ಜಗಲಿ. ಅರುವತ್ತು ದಾಟಿದ ಹೆಂಗಸೊಬ್ಬರು ಮೊರವನ್ನು ಮಡಿಲಲ್ಲಿ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಪರಿಹಾರದ ಹಣದಲ್ಲಿ ಕಟ್ಟಿದ ಒಳ್ಳೆಯ ಮನೆ. ಹಳೆಯ ಮನೆಗಿಂತ ಎಷ್ಟೋ ಗಟ್ಟಿ. ನನ್ನ ನಮೂನೆಯಲ್ಲಿ 'ಯೋಜನೆಗೆ ಮೊದಲಿನ ಆದಾಯ' ಎಂಬ ಕಾಲಂ ಇತ್ತು. ಅವರ ಮಗ ಅಡಿಕೆ ಇಷ್ಟು, ತೆಂಗು ಇಷ್ಟು ಎಂದು ಬರೆಸಿದ. ಅಷ್ಟರಲ್ಲಿ ಆಕೆ ತಲೆ ಎತ್ತದೆಯೇ, 'ಬಸಳೆಯನ್ನು ಬರೆದಿರಾ?' ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಅಲ್ಲಿ ಉಪ್ಪು, ಮೀನು, ಬಟ್ಟೆ ಬಿಟ್ಟರೆ ಬೇರೆ ಏನನ್ನೂ ಕೊಂಡ ನೆನಪಿಲ್ಲ, ಇಲ್ಲಿ ಬಸಳೆಯ ಕಟ್ಟಿಗೂ ಅಂಗಡಿಗೆ ಹೋಗಬೇಕು ಎಂದರು. ಆಮೇಲೆ ಬೀಡಿಗೆ ದಾರ ಸುತ್ತುತ್ತಲೇ ಒಂದೊಂದಾಗಿ ಹೇಳುತ್ತ ಹೋದರು: ಒಲೆಗೆ ಮಡಲು, ಕೊತ್ತಳಿಗೆ, ಹಟ್ಟಿಗೆ ಸೊಪ್ಪು, ಗುಜ್ಜೆ, ಹಲಸು, ಅಂಬಟೆ, ಕೆಸುವಿನ ಎಲೆ, ಬೈಲಿನ ಅಂಚಿನ ಬಾವಿಯ ನೀರು, ಮನೆ ಖರ್ಚಿನ ತೆಂಗಿನಕಾಯಿ, ಉಳಿದ ಹಾಲು ಮಾರಿ ಸೆರಗಿನ ತುದಿಗೆ ಕಟ್ಟಿಕೊಂಡ ಹಣ. ನನ್ನ ನಮೂನೆಯಲ್ಲಿ ಇವಕ್ಕೆ ಕಾಲಂ ಇರಲಿಲ್ಲ. ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡೆ. ಸಂಜೆ ಮನೆಗೆ ಬಂದು ಕೂಡಿಸಿ ನೋಡಿದರೆ ಆ ಹಿಂಬದಿಯ ಮೊತ್ತ ಮುಂಬದಿಯ ಅರ್ಧಕ್ಕೂ ಮಿಕ್ಕಿತ್ತು.

ನಾನು ಹೇಳಬೇಕೆಂದಿರುವುದು ಇಷ್ಟೇ. ಭೂಮಿ ದಿನದಿನವೂ ಸ್ವಲ್ಪ ಸ್ವಲ್ಪವೇ, ಮನೆಯ ಪ್ರತಿಯೊಬ್ಬರ ಕೈಗೂ ಕೊಡುತ್ತಿತ್ತು. ಪರಿಹಾರ ಒಂದೇ ದಿನ, ಒಂದೇ ಖಾತೆಗೆ ಬರುತ್ತದೆ, ಸಾಮಾನ್ಯವಾಗಿ ಗಂಡಸಿನ ಖಾತೆಗೆ. ಚೆನ್ನಾಗಿ ನೆಲೆ ಕಂಡುಕೊಂಡ ಕುಟುಂಬಗಳೆಂದರೆ ಹೆಚ್ಚು ಹಣ ಪಡೆದವರು ಎಂದು ನಾನು ಮೊದಲು ತಿಳಿದಿದ್ದೆ. ಹಾಗಿರಲಿಲ್ಲ. ಆ ದಿನದಿನದ ಸಣ್ಣ ಒರತೆಗಳಿಗೆ ಬದಲಿ ಹುಡುಕಿಕೊಂಡವರೇ ನಿಂತರು. ಎಂಟು ಹತ್ತು ಮೈಲಿ ಆಚೆ ಸೋವಿ ದರಕ್ಕೆ ಒಂದೂವರೆ ಎಕರೆಯಾದರೂ ಕೃಷಿಭೂಮಿ ಕೊಂಡವರು, ಹಣದಲ್ಲಿ ಒಂದು ಪಾಲನ್ನು ಹೆಂಡತಿಯ ಹೆಸರಿನಲ್ಲಿ ಠೇವಣಿ ಇಟ್ಟು ತಿಂಗಳ ಬಡ್ಡಿ ಅವಳ ಕೈಗೇ ಬರುವಂತೆ ಮಾಡಿದವರು, ಕಾಲೊನಿಯ ಅಂಚಿನಲ್ಲಿ ಹಟ್ಟಿ ಕಟ್ಟಿ ಹಸು ಉಳಿಸಿಕೊಂಡವರು. ಚೆಕ್ಕು ಬಂದ ವರ್ಷವೇ ದೊಡ್ಡ ಮನೆ, ದೊಡ್ಡ ಮದುವೆ, ದೊಡ್ಡ ಗಾಡಿ ಮಾಡಿದವರಲ್ಲಿ ಹಲವರ ಮನೆಯಲ್ಲಿ ಐದನೇ ವರ್ಷಕ್ಕೆ ಮತ್ತೆ ಬೀಡಿಯ ಮೊರ ಹೊರಬಂದಿತ್ತು. ನಿಮ್ಮ ತಮ್ಮನಿಗೆ ಇದನ್ನು ಓದಿ ಹೇಳಬೇಡಿ, ಕೋಪ ಬರುತ್ತದೆ. ಕಾರು ಬೇಡವೆಂದಲ್ಲ, ಎರಡು ವರ್ಷ ತಡೆಯಲಿ.

ಮನೆಗೊಂದು ಕೆಲಸ ಎಂಬ ಮಾತಿಗೆ ಬರೋಣ. ಮಂಗಳೂರಿನಲ್ಲಿ ಅದು ಬರೀ ಬಾಯಿಮಾತಾಗಿರಲಿಲ್ಲ. ಪುನರ್ವಸತಿ ಒಪ್ಪಂದದಲ್ಲೇ ಇತ್ತು. ನಿರ್ವಸಿತ ಕುಟುಂಬ ಸೂಚಿಸಿದ ಒಬ್ಬರಿಗೆ ನಗರದ ಕರ್ನಾಟಕ ಪಾಲಿಟೆಕ್ನಿಕ್‌ನಲ್ಲಿ ತರಬೇತಿ, ಆಮೇಲೆ ವಲಯದ ಕಾರ್ಖಾನೆಗಳಲ್ಲಿ ಕೆಲಸ. ನೂರಾರು ಹುಡುಗ ಹುಡುಗಿಯರಿಗೆ ಇದರಿಂದ ನಿಜಕ್ಕೂ ಬಾಳು ಸಿಕ್ಕಿತು, ಅದನ್ನು ಅಲ್ಲಗಳೆಯುವಂತಿಲ್ಲ. ತೊಡಕು ಬಂದದ್ದು ಎರಡು ಕಡೆ. ಒಂದು, ಯಾರ ಹೆಸರು ಸೂಚಿಸುವುದು ಎಂಬುದು. ತುಳುನಾಡಿನ ಅಳಿಯಸಂತಾನದ, ಅಂದರೆ ಹೆಣ್ಣಿನ ಕಡೆಯಿಂದ ಆಸ್ತಿ ಇಳಿದು ಬರುವ, ಕುಟುಂಬಗಳಲ್ಲಿ ಒಂದೇ ವರ್ಗ ಜಾಗಕ್ಕೆ (ಪಟ್ಟಾ ಜಮೀನಿಗೆ) ಇಪ್ಪತ್ತು ಮೂವತ್ತು ಹಕ್ಕುದಾರರಿರುತ್ತಾರೆ; ಅಕ್ಕನ ಮಗನೋ ತಂಗಿಯ ಮಗಳೋ ಎಂದು ತೀರ್ಮಾನವಾಗುವ ಹೊತ್ತಿಗೆ ಅಕ್ಕ ತಂಗಿಯರ ಮಾತು ನಿಂತಿರುತ್ತಿತ್ತು. ಇನ್ನೊಂದು, ಕೆಲಸ ಕೊಟ್ಟ ಕಂಪನಿಯೇ ಉಳಿಯದಿದ್ದರೆ? ವಲಯದೊಳಗಿನ ಜೆಬಿಎಫ್ ಪೆಟ್ರೋಕೆಮಿಕಲ್ಸ್ ಸಾಲದ ಸುಳಿಗೆ ಸಿಕ್ಕಿ ನಿಂತುಹೋಯಿತು. ದಿವಾಳಿ ಪ್ರಕ್ರಿಯೆಯಲ್ಲಿ 2023ರಲ್ಲಿ ಸರ್ಕಾರಿ ಅನಿಲ ಕಂಪನಿ ಗೇಲ್ ಅದನ್ನು ಕೊಂಡಿತು. ಅಲ್ಲಿ ದುಡಿಯುತ್ತಿದ್ದ ನಿರ್ವಸಿತರು ಹೊಸ ಒಡೆಯರ ಬಳಿ ತಮ್ಮ ಹಳೆಯ ಕೆಲಸವನ್ನೇ ಮತ್ತೆ ಕೇಳಬೇಕಾಯಿತು. ಇನ್ನೊಂದು ದೊಡ್ಡ ಘಟಕವಾದ ಒಎಂಪಿಎಲ್ 2022ರಲ್ಲಿ ಎಂಆರ್‌ಪಿಎಲ್‌ನಲ್ಲಿ ವಿಲೀನವಾಯಿತು. ಅದು ಸರ್ಕಾರಿ ಬಳಗದ ಒಳಗಿನ ವಿಲೀನ, ಕಥೆ ಬೇರೆ. ನಿಮಗೆ ಕೆಲಸದ ಮಾತು ಕೊಡುವವರನ್ನು ಕೇಳಿ: ಆದೇಶ ಪತ್ರಕ್ಕೆ ಸಹಿ ಹಾಕುವುದು ಯಾರು, ಸರ್ಕಾರವೋ ವಲಯದ ಅಭಿವೃದ್ಧಿ ಕಂಪನಿಯೋ ಅಥವಾ ಅದರೊಳಗೆ ಬಾಡಿಗೆಗೆ ಬರುವ ಘಟಕವೋ? ಕಂಪನಿ ಕೈ ಬದಲಾದರೆ ಕೆಲಸವೂ ಜೊತೆಗೆ ಹೋಗುತ್ತದೆ ಎಂಬ ಒಂದು ಸಾಲು ಕಾಗದದಲ್ಲಿದೆಯೇ?

ಅದಕ್ಕಿಂತ ಮೊದಲು ಕೇಳಬೇಕಾದದ್ದು, ಒಳಗೆ ಬರುವುದು ಏನು ಎಂದು. ಎಸ್‌ಇಜೆಡ್ ಎಂಬುದು ತೆರಿಗೆಯ ಹೆಸರೇ ಹೊರತು ಕಸುಬಿನ ಹೆಸರಲ್ಲ. ಪೆಟ್ರೋರಾಸಾಯನಿಕದಂಥ ಕಾರ್ಖಾನೆ ಕಟ್ಟುವಾಗ ಸಾವಿರಾರು ಕೈ ಬೇಕು, ಓಡತೊಡಗಿದ ಮೇಲೆ ಕೆಲವೇ ನೂರು ಸಾಕು. ಹಾಸನದ ಜವಳಿ ವಲಯದಂಥ ಕಡೆ ತದ್ವಿರುದ್ಧ: ಬೆಳಗ್ಗೆ ಹಳ್ಳಿಹಳ್ಳಿಯಿಂದ ಹೆಣ್ಣುಮಕ್ಕಳನ್ನು ತುಂಬಿಕೊಂಡು ವ್ಯಾನುಗಳು ಹೊರಡುತ್ತವೆ. ಸಂಬಳ ದೊಡ್ಡದಲ್ಲ, ಆದರೆ ಅದು ಬರುವುದು ಅವರದೇ ಖಾತೆಗೆ. ಮಾಹಿತಿ ತಂತ್ರಜ್ಞಾನದ ವಲಯವಾದರೆ ಒಳಗಿನ ಕೆಲಸ ಹೊರಗಿನವರಿಗೆ, ಊರಿನವರಿಗೆ ಕಾವಲು, ಕ್ಯಾಂಟೀನು, ಕ್ಯಾಬು. ನಿಮ್ಮ ನೋಟಿಸಿನಲ್ಲಿ ಯಾವ ಕೈಗಾರಿಕೆ ಎಂಬುದು ಬಹುಶಃ ಇರುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಯೋಜನಾ ವರದಿ ಕೇಳಿ ಪಡೆಯಿರಿ.

ಈ ಕಟ್ಟುವ ಕಾಲ, ಓಡುವ ಕಾಲ ಎಂಬ ವ್ಯತ್ಯಾಸ ತಿಳಿಯದೆ ಮಂಗಳೂರಿನ ಕಡೆ ಬಹಳ ಜನ ಏಟು ತಿಂದರು. ಕಟ್ಟುವ ಮೂರು ನಾಲ್ಕು ವರ್ಷ ಬಿಹಾರ, ಜಾರ್ಖಂಡ್, ಒಡಿಶಾಗಳಿಂದ ಬಂದ ಕೆಲಸಗಾರರಿಗೆ ಕೋಣೆ ಸಾಲದು. ಇದ್ದ ನಾಲ್ಕು ಸೆಂಟ್ಸಿನಲ್ಲಿ ಸಾಲುಕೋಣೆ ಕಟ್ಟಿದವರಿಗೆ ಕೈತುಂಬ ಬಾಡಿಗೆ. ಟಿಪ್ಪರು, ಜೆಸಿಬಿ, ಪಿಕಪ್ಪುಗಳಿಗೆ ಬಿಡುವಿಲ್ಲ. ಇದು ಹೀಗೆಯೇ ನಡೆಯುತ್ತದೆ ಎಂದುಕೊಂಡು ಎರಡನೇ ಟಿಪ್ಪರಿಗೆ ಸಾಲ ಮಾಡಿದ ವರ್ಷವೇ ಕಾಮಗಾರಿ ಮುಗಿಯಿತು. ಕೋಣೆಗಳ ಬಾಗಿಲಿಗೆ ಬೀಗ, ಅಂಗಳದಲ್ಲಿ ಟಿಪ್ಪರು, ಬ್ಯಾಂಕಿನಿಂದ ಫೋನು. ಮೊದಲನೇ ಟಿಪ್ಪರಿನ ಕಂತು ತೀರುವ ತನಕ ಎರಡನೆಯದನ್ನು ಕೊಳ್ಳದವರು ಬಚಾವಾದರು. ಇದರಲ್ಲಿ ದೊಡ್ಡ ಅರ್ಥಶಾಸ್ತ್ರವೇನಿಲ್ಲ. ಆದರೆ ಆ ಹೊತ್ತಿನಲ್ಲಿ ಊರಿಗೆ ಊರೇ ಟಿಪ್ಪರು ಕೊಳ್ಳುವಾಗ ಸುಮ್ಮನಿರಲು ಎದೆ ಗಟ್ಟಿ ಬೇಕು.

ಭೂಮಿಯ ಜೊತೆಗೆ ಹೋದ ಇನ್ನೊಂದನ್ನು ಹೇಳದಿದ್ದರೆ ಉತ್ತರ ಪೂರ್ತಿಯಾಗದು. 2005ರ ಎಸ್‌ಇಜೆಡ್ ಕಾಯ್ದೆಯ ಪ್ರಕಾರ ಈ ವಲಯ ಸುಂಕದ ಮಟ್ಟಿಗೆ ದೇಶದ ಹೊರಗಿನ ನೆಲವಿದ್ದಂತೆ. ಹಾಗಾಗಿ ಸುತ್ತ ಗೋಡೆ, ಗೇಟು, ಪಾಸು. ತುಳುನಾಡಿನಲ್ಲಿ ನಾಗಬನ, ದೈವಸ್ಥಾನಗಳಿಲ್ಲದ ಜಾಗ ಹುಡುಕುವುದು ಕಷ್ಟ. ಕೆಲವನ್ನು ವಿಧಿಪೂರ್ವಕ ಹೊರಗೆ ತಂದು ಪ್ರತಿಷ್ಠೆ ಮಾಡಿದರು, ಕೆಲವು ಒಳಗೇ ಉಳಿದವು. ಒಂದು ನಾಗರ ಪಂಚಮಿಯ ಬೆಳಗ್ಗೆ ಅಂಥ ಗೇಟೊಂದರಲ್ಲಿ ಒಂದು ಕುಟುಂಬದ ಜೊತೆ ನಾನೂ ನಿಂತಿದ್ದೆ. ಕೈಯಲ್ಲಿ ಹಾಲಿನ ತಂಬಿಗೆ, ಸೀಯಾಳದ ಗೊನೆ, ಅರಶಿನ ಎಲೆ. ಕಾವಲಿನ ಹುಡುಗ ಪುಸ್ತಕ ತೆರೆದು ಹೆಸರು, ಊರು, ಕೆಲಸದ ಉದ್ದೇಶ ಎಂದು ಒಂದೊಂದಾಗಿ ಕೇಳುತ್ತಿದ್ದ; ಅವನಿಗೆ ಕನ್ನಡ ಬಾರದು, ಇವರಿಗೆ ಹಿಂದಿ ಬಾರದು. ಭೇಟಿಯಾಗಬೇಕಾದವರ ಹೆಸರು ಎಂಬ ಕಾಲಂ ಬಂತು. ಹಿರಿಯರು ಗಂಭೀರವಾಗಿಯೇ 'ನಾಗ' ಎಂದು ಬರೆಸಿದರು. ಹುಡುಗ ಬರೆದುಕೊಂಡ.

ಪರಿಹಾರದ ಹಣದಲ್ಲಿ ಜನ ದೈವಸ್ಥಾನ ಜೀರ್ಣೋದ್ಧಾರ ಮಾಡಿದ್ದನ್ನು, ಬ್ರಹ್ಮಕಲಶಕ್ಕೆ ಲಕ್ಷಗಟ್ಟಲೆ ಸುರಿದದ್ದನ್ನು ನೋಡಿ ಮೊದಲೆಲ್ಲ ಸಿಡುಕುತ್ತಿದ್ದೆ. ದುಂದು ಎಂದು ನನ್ನ ವರದಿಯೊಂದರಲ್ಲಿ ಬರೆದೂ ಇದ್ದೆ. ಈಗಾಗಿದ್ದರೆ ಆ ಸಾಲನ್ನು ಹೊಡೆದುಹಾಕುತ್ತಿದ್ದೆ. ನಾಲ್ಕು ದಿಕ್ಕಿಗೆ ಚದುರಿಹೋದ ಊರಿಗೆ ಸೇರಲು ಬೇರೆ ಯಾವ ಕಾರಣವೂ ಉಳಿದಿರಲಿಲ್ಲ. ವರ್ಷಕ್ಕೊಮ್ಮೆ ದೈವದ ನೇಮಕ್ಕೆ (ಉತ್ಸವಕ್ಕೆ) ಬಂದಾಗ ಹುಡುಗನಿಗೆ ಹೆಣ್ಣು ನೋಡುವುದು, ಸಾಲ ಕೇಳುವುದು, ಪರಿಹಾರದ ಮೊಕದ್ದಮೆ ಎಲ್ಲಿಗೆ ಬಂತು ಎಂದು ವಿಚಾರಿಸುವುದು, ಎಲ್ಲವೂ ಅದೇ ಅಂಗಳದಲ್ಲಿ ನಡೆಯುತ್ತದೆ. ನಿಮ್ಮ ಕಡೆ ಗ್ರಾಮದೇವತೆಯ ಜಾತ್ರೆ ಇರಬೇಕಲ್ಲ? ಗುಡಿ ಸ್ವಾಧೀನದ ಗೆರೆಯೊಳಗೆ ಬರುತ್ತದೆಯೇ ಎಂದು ನಕಾಶೆಯಲ್ಲಿ ಈಗಲೇ ನೋಡಿಕೊಳ್ಳಿ.

ಜಮೀನೇ ಇಲ್ಲದವರ ಸ್ಥಿತಿ ಇನ್ನೂ ಕಷ್ಟದ್ದು. ಗದ್ದೆ ಕೆಲಸದವರು, ಕಾಯಿ ಕೀಳುವವರು, ಬುಟ್ಟಿ ಹೆಣೆಯುವವರು, ಇವರ ಹೆಸರು ಪಹಣಿಯಲ್ಲಿಲ್ಲ. ಪಹಣಿಯಲ್ಲಿ ಇಲ್ಲದವರು ಪಟ್ಟಿಯಲ್ಲೂ ಇಲ್ಲ. ಗೋಡೆಯ ಆಚೆ ಬದಿಯವರ ಪಾಡೂ ಅಷ್ಟೇ. ಸಂಸ್ಕರಣಾಗಾರದ ಕೋಕ್ ಮತ್ತು ಗಂಧಕದ ಘಟಕದಿಂದ ಕಪ್ಪು ಧೂಳು, ವಾಸನೆ ಬರುತ್ತದೆಂದು ಜೋಕಟ್ಟೆಯವರು ವರ್ಷಗಟ್ಟಲೆ ಹೋರಾಡಿದರು. ಅವರು ಒಂದು ಸೆಂಟ್ಸ್ ನೆಲವನ್ನೂ ಕೊಟ್ಟವರಲ್ಲ, ಹಾಗಾಗಿ ಯಾವ ಒಪ್ಪಂದದಲ್ಲೂ ಅವರಿಗೆ ಜಾಗವಿರಲಿಲ್ಲ. ನಿಮ್ಮ ಊರಿನಲ್ಲಿ ಮಾತುಕತೆಗೆ ಕೂರುವಾಗ ಸ್ವಾಧೀನದ ಗೆರೆಯ ಆಚೆಯ ಹಳ್ಳಿಯವರನ್ನೂ ಜೊತೆಗೆ ಕೂರಿಸಿಕೊಳ್ಳಿ.

ಹಾಗಾದರೆ ಒಪ್ಪಬೇಕೋ ಬೇಡವೋ? ಅದು ನೀವು ಮತ್ತು ನಿಮ್ಮ ಊರು ತೀರ್ಮಾನಿಸಬೇಕಾದದ್ದು. ಬೇಡ ಎಂದವರು ಗೆದ್ದದ್ದೂ ಇದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಹೊರಟ ಸರ್ಕಾರ, 1,198 ದಿನಗಳ ಧರಣಿಯ ಬಳಿಕ 2025ರ ಜುಲೈ 15ರಂದು ಅದನ್ನು ಕೈಬಿಟ್ಟಿತು. ಅಷ್ಟು ದಿನ ಕೂರಲು ಊರು ಒಗ್ಗಟ್ಟಾಗಿರಬೇಕು, ಮನೆಯಲ್ಲಿ ಒಬ್ಬರಾದರೂ ಹೊರಗೆ ದುಡಿಯುತ್ತಿರಬೇಕು. ಒಪ್ಪಿ ಕೊಟ್ಟ ಮೇಲೆ ಯೋಜನೆಯೇ ಮೇಲೇಳದ ಉದಾಹರಣೆಗಳಿಗೂ ಬರವಿಲ್ಲ. ಮಹಾಲೇಖಪಾಲರ 2014ರ ವರದಿಯ ಪ್ರಕಾರ ದೇಶದಲ್ಲಿ ಎಸ್‌ಇಜೆಡ್‌ಗೆಂದು ಅಧಿಸೂಚಿಸಿದ 45,635 ಹೆಕ್ಟೇರಿನಲ್ಲಿ ಚಟುವಟಿಕೆ ಆರಂಭವಾಗಿದ್ದದ್ದು 28,488 ಹೆಕ್ಟೇರಿನಲ್ಲಿ ಮಾತ್ರ. ಹೊಸ ಘಟಕಗಳಿಗೆ ಮೊದಲ ಐದು ವರ್ಷ ಸಿಗುತ್ತಿದ್ದ ಪೂರ್ತಿ ಆದಾಯ ತೆರಿಗೆ ವಿನಾಯಿತಿಯೂ 2020ರ ಮಾರ್ಚ್‌ವರೆಗೆ ಅನುಮತಿ ಪಡೆದವಕ್ಕೇ ಕೊನೆಯಾಯಿತು. ವಲಯ ಬರುತ್ತದೆ ಎಂದರೆ ಕಾರ್ಖಾನೆ ಬಂದಂತೆಯೇ ಎಂದು ನಂಬಬೇಡಿ.

ಹಣದ ಬದಲು ಪಾಲು ಕೇಳುವ ದಾರಿಯೂ ಒಂದಿದೆ. ಪುಣೆಯ ಮಗರ್‌ಪಟ್ಟಾದಲ್ಲಿ ಸುಮಾರು 120 ರೈತ ಕುಟುಂಬಗಳು 400 ಎಕರೆಗೂ ಹೆಚ್ಚಿನ ಭೂಮಿಯನ್ನು ಒಟ್ಟುಗೂಡಿಸಿ ತಾವೇ ಕಂಪನಿ ಕಟ್ಟಿ, ಜಮೀನಿಗೆ ತಕ್ಕಂತೆ ಷೇರು ಹಂಚಿಕೊಂಡವು. ಊರು ನಗರವಾಯಿತು, ಅವರು ಅದರ ಒಡೆಯರಾಗಿಯೇ ಉಳಿದರು. ಅದನ್ನು ಎಲ್ಲರೂ ಉದಾಹರಿಸುತ್ತಾರೆ. ಆದರೆ ಅಲ್ಲಿ ಹೆಚ್ಚಿನವರು ಒಂದೇ ಬಳಗದವರು, ಭೂಮಿ ಪುಣೆಯ ಮಗ್ಗುಲಿನಲ್ಲೇ ಇತ್ತು ಎಂಬುದನ್ನು ಹೇಳುವುದು ಕಡಿಮೆ. ನಮ್ಮಲ್ಲಿ ಕೆಐಎಡಿಬಿ ಎಕರೆಗೆ ಹೆಚ್ಚೂಕಡಿಮೆ ಕಾಲು ಎಕರೆಯಷ್ಟು ಅಭಿವೃದ್ಧಿಪಡಿಸಿದ ಜಾಗವನ್ನು ಹಣದ ಬದಲಿಗೆ ಕೊಡುವ ಆಯ್ಕೆ ಇಟ್ಟಿರುವುದುಂಟು. ನಿಮ್ಮ ಯೋಜನೆಯಲ್ಲಿ ಅದು ಇದೆಯೇ ಎಂದು ಕೇಳಿ. ಇದ್ದರೆ ಎಲ್ಲವನ್ನೂ ಹಣಕ್ಕೆ ಕೊಡುವ ಬದಲು ಒಂದು ಎಕರೆಯ ಮಟ್ಟಿಗಾದರೂ ಅದನ್ನು ಯೋಚಿಸಬಹುದು. ಜಾಗ ಕೈಗೆ ಬರಲು ವರ್ಷಗಳೇ ಹಿಡಿಯಬಹುದು ಎಂಬುದನ್ನೂ ಲೆಕ್ಕಕ್ಕಿಡಿ.

ಇನ್ನು ಕಾಗದಪತ್ರ. ಕೆಐಎಡಿಬಿ ಭೂಮಿ ತೆಗೆದುಕೊಳ್ಳುವುದು ತನ್ನದೇ ಆದ 1966ರ ಕಾಯ್ದೆಯಡಿ. 28(1) ಎಂದರೆ ಪ್ರಾಥಮಿಕ ಅಧಿಸೂಚನೆ. ಆಕ್ಷೇಪಣೆ ಹೇಳಲು ಆಗ ಮಾತ್ರ ಅವಕಾಶ. 28(4)ರ ಅಂತಿಮ ಅಧಿಸೂಚನೆ ಹೊರಬಿದ್ದರೆ ಭೂಮಿ ಸರ್ಕಾರದ್ದು, ಆಮೇಲೆ ಹೆಚ್ಚಾಗಿ ಉಳಿಯುವುದು ಹಣದ ಜಗಳ. ತಂದೆಯವರು ನೋಟಿಸು ಮುಟ್ಟದಿದ್ದರೆ ಯೋಜನೆ ನಿಲ್ಲುವುದಿಲ್ಲ, ಅವರ ಆಕ್ಷೇಪಣೆ ಮಾತ್ರ ದಾಖಲಾಗದೆ ಉಳಿಯುತ್ತದೆ. ಇದನ್ನು ಅವರಿಗೆ ನೀವೇ ಕೂತು ಹೇಳಬೇಕು. ತಮ್ಮ ಹೇಳಿದರೆ ಕಾರಿನ ಆಸೆ ಎನ್ನುತ್ತಾರೆ. ಪೌತಿ ಖಾತೆಗೆ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು, ಈ ವಾರವೇ ಅರ್ಜಿ ಹಾಕಿ. ಖಾತೆ ಸತ್ತವರ ಹೆಸರಿನಲ್ಲಿದ್ದರೆ ಒಪ್ಪಂದದ ದರಕ್ಕೆ ಸಹಿ ಹಾಕುವವರೇ ಇರುವುದಿಲ್ಲ, ಹಣ ನ್ಯಾಯಾಲಯದಲ್ಲಿ ಠೇವಣಿಯಾಗಿ ಕೂರುತ್ತದೆ. ಗೋಮಾಳದ ಎಕರೆಗೆ ನಿಮ್ಮ ತಾತನೋ ತಂದೆಯೋ ನಮೂನೆ 50, 53 ಅಥವಾ 57ರಲ್ಲಿ ಬಗರ್ ಹುಕುಂ (ಉಳುತ್ತಿರುವ ಸರ್ಕಾರಿ ಭೂಮಿಯ ಸಕ್ರಮದ) ಅರ್ಜಿ ಹಾಕಿದ್ದರೇ ಎಂದು ಹಳೆಯ ಟ್ರಂಕಿನಲ್ಲಿ ಹುಡುಕಿ. ಸ್ವೀಕೃತಿ ಚೀಟಿ ಸಿಕ್ಕರೂ ಅದು ಬಂಗಾರ. ದಕ್ಷಿಣ ಕನ್ನಡದಲ್ಲಿ ಇದೇ ಗೋಳು ಕುಮ್ಕಿಯ ರೂಪದಲ್ಲಿತ್ತು: ವರ್ಗ ಜಾಗದ ಸುತ್ತ ತಲೆಮಾರುಗಳಿಂದ ಬಳಸುತ್ತಿದ್ದ ನೆಲ, ಮರ ನೆಟ್ಟವರು ಇವರು, ದಾಖಲೆಯಲ್ಲಿ ಒಡೆಯ ಸರ್ಕಾರ.

ಜಂಟಿ ಅಳತೆಗೆ ಬರುವ ದಿನ ಮನೆಯಲ್ಲಿ ಓದು ಬಲ್ಲವರೊಬ್ಬರು ಇರಲೇಬೇಕು. ಅವರು ತೆಂಗು, ಹಲಸು, ತೇಗ ಎಣಿಸುತ್ತಾರೆ. ನುಗ್ಗೆ, ಕರಿಬೇವು, ಬದುವಿನ ಹೊಂಗೆ, ಹಸುವಿನ ಕೊಟ್ಟಿಗೆ, ಗೊಬ್ಬರದ ಗುಂಡಿಯ ಕಲ್ಲುಕಟ್ಟಡ ಕಣ್ಣಿಗೆ ಬೀಳುವುದಿಲ್ಲ. ತಾಯಿಯವರನ್ನು ಮುಂದೆ ನಿಲ್ಲಿಸಿ. ಪ್ರತಿ ಮರವನ್ನೂ ಅವರು ಬಲ್ಲರು. ಅವರು ತೋರಿಸಿದ್ದನ್ನು ಬರೆದ ಮೇಲೆಯೇ ಮಹಜರಿಗೆ ಸಹಿ.

ಕೊನೆಗೆ ನೀವು ಕೇಳದ ಒಂದು ವಿಷಯ. ತಂದೆ, ತಮ್ಮ, ತಾಯಿ ಎಲ್ಲರ ಬಗ್ಗೆ ಬರೆದಿರಿ, ನಿಮ್ಮ ಪಾಲಿನ ಮಾತೇ ಇಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ತಮ್ಮನ ಜೊತೆ ಜಗಳವಾಡಿ ಎನ್ನುತ್ತಿಲ್ಲ. ವಂಶವೃಕ್ಷದಲ್ಲಿ ನಿಮ್ಮ ಹೆಸರಿರಲಿ. ಹಣ ಹಂಚುವ ದಿನ ಬಂದರೆ ನಿಮ್ಮ ಪಾಲನ್ನು ತಾಯಿಯವರ ಹೆಸರಿನಲ್ಲಿ ಇಡಬೇಕು ಎಂದು ಹೇಳುವ ಅಧಿಕಾರ ನಿಮಗೆ ಬರುವುದು ಆಗಲೇ. ಡೇರಿಯ ಬಟವಾಡೆ ನಿಂತ ಮೇಲೆ ಅವರ ಕೈಗೆ ನೇರವಾಗಿ ಬರುವ ಹಣ ಅದೊಂದೇ ಆಗಬಹುದು. ಅವರ ಹಾಲಿನ ಪುಸ್ತಕವನ್ನು ಒಮ್ಮೆ ತೆಗೆದು ಹಿಂದಿನ ಹನ್ನೆರಡು ತಿಂಗಳನ್ನು ಕೂಡಿಸಿ. ಅದರ ಪಕ್ಕದಲ್ಲಿ ಮನೆಗೆ ಬಳಸಿದ ರಾಗಿ, ಅವರೆ, ಕಾಯಿ, ಸೌದೆಗಳನ್ನು ಪೇಟೆಯ ದರದಲ್ಲಿ ಬರೆಯಿರಿ. ಆಕ್ಷೇಪಣೆಯಲ್ಲೂ ಅದೇ ಪಟ್ಟಿ ಲಗತ್ತಿಸಿ, ದರದ ಮಾತುಕತೆಗೂ ಅದನ್ನೇ ಒಯ್ಯಿರಿ.

ಆಕ್ಷೇಪಣೆಗೆ ಇರುವುದು ನೋಟಿಸ್ ಕೈಸೇರಿದ ದಿನದಿಂದ 30 ದಿನ. ನೀವು ಕಳುಹಿಸಿದ ಪ್ರತಿಯ ಮೇಲಿನ ತಾರೀಕು ನೋಡಿದರೆ ಹನ್ನೊಂದು ದಿನ ಆಗಲೇ ಕಳೆದಿವೆ. ನಾಳೆಯ ಬಸ್ಸಿಗೆ ಊರಿಗೆ ಹೊರಡಿ.